ರಾಜನಿಗೇ ‘ಒಲ್ಲೆ’ ಎಂದವಳು

‘ಹುಡುಗ ಬಂಗಾರ. ಬೆಂಗಳೂರಲ್ಲಿ ಸ್ವಂತ ಮನೆ, ಒಬ್ಬನೇ ಮಗ. ಇನ್ನೇನೇ ಬೇಕು ನಿಂಗೆ?’

ದೊಡ್ಡಮ್ಮ ಫೋನಿನಲ್ಲಿ ಹೀಗೆ ಕೇಳಿದ ರಾತ್ರಿ ನನ್ನ ಬಳಿ ಉತ್ತರ ಇರಲಿಲ್ಲ. ಪದವಿ ಮುಗಿಸಿ ವಿಜಯನಗರದ ಪಿ.ಜಿ.ಯೊಂದರಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನಂಥವಳಿಗೆ ಈ ಪ್ರಶ್ನೆ ಹೊಸದೇನಲ್ಲ. ಸಂಬಂಧ ಬೇಡ ಎನ್ನಬೇಕಾದರೆ ಹುಡುಗನಲ್ಲಿ ಏನಾದರೂ ಐಬಿರಬೇಕು ಎಂಬುದು ನಮ್ಮ ಮನೆಯ ಲೆಕ್ಕ. ಆ ಹುಡುಗನಲ್ಲಿ ಐಬಿರಲಿಲ್ಲ. ಪುಸ್ತಕ ಮುಚ್ಚಿಟ್ಟೆ. ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಮೂಗು ಒರೆಸಿಕೊಳ್ಳುತ್ತಾ ಕೊರಿಯನ್ ಡ್ರಾಮಾ ನೋಡುತ್ತಿದ್ದಳು. ‘ಬಾರೇ, ಮೊದಲ ಕಂತಿಂದ ಹಾಕ್ತೀನಿ’ ಎಂದು ಒಂದು ಇಯರ್‌ಫೋನ್ ಕೊಟ್ಟಳು.

ಅದು ‘ದಿ ರೆಡ್ ಸ್ಲೀವ್’. 2021ರ ಕೊನೆಯಲ್ಲಿ ಕೊರಿಯಾದ ಎಂಬಿಸಿ ವಾಹಿನಿಯಲ್ಲಿ ಪ್ರಸಾರವಾದ 17 ಕಂತುಗಳ ಧಾರಾವಾಹಿ. ಹದಿನೆಂಟನೇ ಶತಮಾನದ ಜೊಸೊನ್ ಅರಮನೆ, ಮುಂದೆ ರಾಜ ಜೊಂಗ್ಜೊ ಆಗುವ ಯುವರಾಜ ಈ ಸಾನ್, ಅವನ ಕಣ್ಣಿಗೆ ಬೀಳುವ ದಾಸಿ ದೊಕ್‌ಇಮ್. ಕಥೆ ಗೊತ್ತಿರುವುದೇ ಎಂದುಕೊಂಡೆ. ಸುಂದರ ರಾಜಕುಮಾರ, ಬಡ ಹುಡುಗಿ, ನಡುವೆ ಒಂದಿಷ್ಟು ಸಂಚು, ಕೊನೆಗೆ ಪಟ್ಟದ ವೈಭವ. ಆದರೆ ಇಲ್ಲಿ ರಾಜ ಪ್ರೀತಿ ಹೇಳಿಕೊಂಡಾಗ ದಾಸಿ ‘ಒಲ್ಲೆ’ ಅನ್ನುತ್ತಾಳೆ. ನಾನು ನೆಟ್ಟಗೆ ಕೂತೆ.

ಜೊಸೊನ್ ಅರಮನೆಯ ದಾಸಿಯರು ಬಹುಪಾಲು ಪುಟ್ಟ ಹುಡುಗಿಯರಾಗಿದ್ದಾಗಲೇ ಒಳಗೆ ಬರುತ್ತಿದ್ದರು. ಅಡುಗೆ, ಹೊಲಿಗೆ, ಕಸೂತಿ, ರಾಜಮನೆತನದವರ ಊಳಿಗ ಎಂದು ಕೆಲಸ ಹಂಚಿಕೆಯಾಗುತ್ತಿತ್ತು. ಮದುವೆಯಾಗುವಂತಿರಲಿಲ್ಲ. ಸೇವೆ ಸೇರಿ ವರ್ಷಗಳು ಕಳೆದ ಮೇಲೆ ಅವರಿಗೊಂದು ಶಾಸ್ತ್ರ ನಡೆಯುತ್ತಿತ್ತು. ಮದುವೆಯಂತೆಯೇ ಸಿಂಗಾರ, ಆದರೆ ಮದುಮಗನಿಲ್ಲ. ಏಕೆಂದರೆ ಲೆಕ್ಕದಲ್ಲಿ ಅವರೆಲ್ಲರೂ ರಾಜನ ಹೆಂಗಸರು. ಧಾರಾವಾಹಿಯ ಹೆಸರೂ ಅದನ್ನೇ ಹೇಳುತ್ತದೆ. ಅವರ ರವಿಕೆಯ ತೋಳಿನ ಕೆಂಪು ಅಂಚು ರಾಜನ ಸ್ವತ್ತು ಎಂಬುದರ ಗುರುತು.

ಅಂಥವಳ ಮೇಲೆ ರಾಜನ ಮನಸ್ಸು ಬಿದ್ದರೆ ಅದು ಅದೃಷ್ಟ. ಊಳಿಗದವಳು ರಾಜನ ಉಪಪತ್ನಿಯಾಗಿ ಏರುತ್ತಾಳೆ. ಇನ್ನೇನು ಬೇಕು? ದೊಕ್‌ಇಮ್‌ಳ ಲೆಕ್ಕ ಬೇರೆ. ಅವಳ ಕೈಬರಹ ಚೆಂದ, ಕಥೆಗಳನ್ನು ನಕಲು ಮಾಡಿ ನಾಲ್ಕು ಕಾಸು ಕೂಡಿಸುತ್ತಾಳೆ. ಸಹದಾಸಿಯರಿಗೆ ಕಥೆ ಓದಿ ಹೇಳುತ್ತಾಳೆ. ಮೂವರು ಜೀವದ ಗೆಳತಿಯರಿದ್ದಾರೆ. ಕೆಲಸವಿಲ್ಲದ ಹೊತ್ತು ಪೂರ್ತಿ ಅವಳದು. ಅರಸಿಯ ಕೋಣೆ ಸೇರಿದರೆ ಉಳಿಯುವುದು ಒಂದೇ ಕೆಲಸ, ಕಾಯುವುದು. ರಾಜನಿಗೆ ಅವಳು ಅನೇಕರಲ್ಲಿ ಒಬ್ಬಳು, ಅವಳಿಗೆ ಮಾತ್ರ ಅವನೊಬ್ಬನೇ. ಪ್ರೀತಿ ಇಲ್ಲದ್ದಕ್ಕಲ್ಲ, ಪ್ರೀತಿಸಿದರೆ ತನ್ನದೆಂಬುದು ಏನೂ ಉಳಿಯದು ಎಂದೇ ಅವಳು ಹಿಂಜರಿಯುತ್ತಾಳೆ.

ಇದು ಬರೀ ಕಲ್ಪನೆ ಇರಬಹುದೆಂದು ಹುಡುಕಿದೆ. ಅಲ್ಲ! ಇತಿಹಾಸದಲ್ಲಿ ಅವಳು ಉಯಿಬಿನ್ ಸೊಂಗ್. ತನ್ನನ್ನು ಆಕೆ ಎರಡು ಸಲ ನಿರಾಕರಿಸಿದ್ದನ್ನು ಜೊಂಗ್ಜೊ ರಾಜನೇ ಆಕೆಯ ಸಮಾಧಿಗಾಗಿ ಬರೆದ ಲೇಖದಲ್ಲಿ ದಾಖಲಿಸಿದ್ದಾನೆ. ಮೊದಲ ಸಲ ಹದಿಹರೆಯದಲ್ಲಿ, ಎರಡನೆಯದು ಹದಿನೈದು ವರ್ಷಗಳ ನಂತರ. ಎರಡನೇ ಸಲ ಆಕೆಯ ಸೇವಕಿಯನ್ನು ಶಿಕ್ಷಿಸಿದ ಮೇಲೆಯೇ ಆಕೆ ಒಪ್ಪಿದ್ದು. 1782ರಲ್ಲಿ ಮಗ ಹುಟ್ಟಿದ. 1786ರಲ್ಲಿ ಆ ಮಗು ತೀರಿಕೊಂಡಿತು. ಅದೇ ವರ್ಷ ಗರ್ಭಿಣಿಯಾಗಿದ್ದ ಆಕೆಯೂ ಹೋದಳು. 1773ರಲ್ಲಿ ರಾಜಕುಮಾರಿಯರ ಜತೆ ಸೇರಿ ಆಕೆ ನಕಲು ಮಾಡಿದ ಕಾದಂಬರಿಯೊಂದರ ಹಸ್ತಪ್ರತಿ ಉಳಿದಿದೆ. ಧಾರಾವಾಹಿಯ ಗೆಳತಿಯರ ಹೆಸರುಗಳು ಬಂದಿದ್ದು ಆ ಪ್ರತಿಯಲ್ಲಿರುವ ಬರಹಗಾರ್ತಿಯರಿಂದಲೇ.

ನನ್ನನ್ನು ಕಾಡಿದ್ದು ಮೊದಲ ನಿರಾಕರಣೆಗೆ ಆಕೆ ಕೊಟ್ಟ ಕಾರಣ. ಯುವರಾಜನ ಪತ್ನಿಗೆ ಇನ್ನೂ ಮಗುವಾಗಿಲ್ಲ, ಹಾಗಿರುವಾಗ ತಾನು ಒಪ್ಪಲಾರೆ ಎಂದಳಂತೆ. ಎಷ್ಟು ವಿನಯದ ಮಾತು! ನನಗಿಷ್ಟವಿಲ್ಲ ಎಂದು ಹೇಳುವಂತಿರಲಿಲ್ಲ, ಇನ್ನೊಬ್ಬರ ಹೆಸರಿನ ಕಾರಣ ಬೇಕಿತ್ತು. ಆ ಮಾತಿನ ಹಿಂದೆ ಏನಿತ್ತೋ, ಅವಳ ಕೈಬರಹದಲ್ಲಿ ಉಳಿದಿಲ್ಲ. ಉಳಿದಿರುವುದು ರಾಜ ಬರೆದಿದ್ದಷ್ಟೇ. ಆ ಖಾಲಿ ಜಾಗವನ್ನು ಕಾದಂಬರಿಗಾರ್ತಿ ಕಾಂಗ್ ಮಿ ಕಾಂಗ್ ಮತ್ತು ಅವರ ಪುಸ್ತಕ ಆಧರಿಸಿದ ಈ ಧಾರಾವಾಹಿ ತುಂಬಿವೆ.

ಹಾಗಂತ ಎಲ್ಲವೂ ನನಗೆ ಒಪ್ಪಿಗೆಯಾಗಲಿಲ್ಲ. ಕ್ಯಾಮೆರಾಕ್ಕೆ ರಾಜನ ಕಣ್ಣೀರಿನ ಮೇಲೆ ವಿಪರೀತ ಮೋಹ. ಈ ಸಾನ್ ಆಗಿ ಲೀ ಜುನ್ ಹೊ ಅತ್ತರೆ ಕಲ್ಲೂ ಕರಗೀತು. ‘ಪಾಪ ಕಣೇ ಅವನು’ ಎಂದಳು ರೂಮ್‌ಮೇಟ್. ‘ಶಿಕ್ಷೆ ತಿಂದ ಸೇವಕಿ ಪಾಪ ಅಲ್ವಾ?’ ಎಂದೆ. ಅವತ್ತು ರಾತ್ರಿ ಊಟದ ತಟ್ಟೆ ಮುಂದಿಟ್ಟುಕೊಂಡೇ ಜಗಳವಾಡಿದೆವು. ಆದರೂ ಕೊನೆಯ ಕಂತು ಇಬ್ಬರ ಬಾಯನ್ನೂ ಮುಚ್ಚಿಸಿತು. ಸಾಯುವ ಹೊತ್ತಿನಲ್ಲಿ ದೊಕ್‌ಇಮ್ ನೋಡಬಯಸುವುದು ಗೆಳತಿಯರನ್ನು. ಮುಂದಿನ ಜನ್ಮದಲ್ಲಿ ಎದುರಾದರೆ ಗುರುತಿಲ್ಲದವನಂತೆ ಹೋಗಿಬಿಡು ಎಂದು ರಾಜನನ್ನು ಕೇಳಿಕೊಳ್ಳುತ್ತಾಳೆ. ಆ ಪಾತ್ರದಲ್ಲಿ ಲೀ ಸೆ ಯಂಗ್‌ರ ಮುಖ ಮರೆಯಲಾಗದು. ಪ್ರೀತಿಸಿಯೂ ಈ ಬದುಕು ಬೇಡವಾಗಿತ್ತು ಎನ್ನುವ ನಾಯಕಿಯನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮೂರಿನ ನನಗೂ ಜೊಸೊನ್ ದಾಸಿಗೂ ಹೋಲಿಕೆ ಸಲ್ಲದು. ನನ್ನ ತೋಳಿಗೆ ಕೆಂಪು ಅಂಚಿಲ್ಲ. ಒಲ್ಲೆ ಎಂದರೆ ಯಾರಿಗೂ ಶಿಕ್ಷೆಯಾಗುವುದಿಲ್ಲ. ಹಾಗಿದ್ದೂ ನಾನು ‘ಪರೀಕ್ಷೆ ಇದೆ’, ‘ಅಕ್ಕನ ಬಾಣಂತನ ಮುಗೀಲಿ’ ಎಂದೆಲ್ಲ ಬೇರೆಯವರ ಹೆಸರಿನಲ್ಲೇ ತಪ್ಪಿಸಿಕೊಳ್ಳುತ್ತಿದ್ದೆನಲ್ಲ!

ಮಾರನೇ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ‘ಹುಡುಗ ಒಳ್ಳೆಯವನೇ ಅಪ್ಪ. ಆದ್ರೆ ಒಂದು ಸಲ ನನ್ನ ಸಂಬಳ ನಾನೇ ಎಣಿಸ್ಬೇಕು. ಅದಕ್ಕೇ ಬೇಡ’ ಎಂದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಊಟ ಆಯ್ತಾ?’ ಎಂದು ಕೇಳಿ ಫೋನಿಟ್ಟರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಸಂಜೆ ಪಿ.ಜಿ. ಬಾಡಿಗೆ ಮಾತ್ರ ಖಾತೆಗೆ ಬಂದಿತ್ತು. ದೊಡ್ಡಮ್ಮ ಇನ್ನೂ ಮಾತು ಬಿಟ್ಟಿದ್ದಾರೆ.