ತಾನಾಗಿಯೇ ಸುರುಳಿಯಾಗುವ ಅರೆವಾಹಕ: ಸಣ್ಣ ಉದ್ದಿಮೆಗೆ ಇದರಲ್ಲೇನಿದೆ?

ಮೈಸೂರಿನ ವಿದ್ಯಾರಣ್ಯಪುರಂ ಹಾಗೂ ಅದಕ್ಕೆ ಹೊಂದಿಕೊಂಡ ಇಂಡಸ್ಟ್ರಿಯಲ್ ಸಬರ್ಬಿನ ಕಾರ್ಯಾಗಾರಗಳಲ್ಲಿ ಲೋಹದ ಕೊಳವೆಯ ವ್ಯಾಸವನ್ನು ನಿರ್ಧರಿಸುವುದು ಲೇತಿನ ಟೂಲ್. ಆದರೆ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಸಣ್ಣ ಕೊಳವೆಯನ್ನು ಕೊರೆಯಬಲ್ಲ ಟೂಲ್ ಯಾವುದೂ ಇಲ್ಲ. ಅಂತಹ ಕೊಳವೆ ತಾನಾಗಿಯೇ ರೂಪುಗೊಳ್ಳುವಂತೆ ಮಾಡುವ ವಿಧಾನವೊಂದನ್ನು ರಷ್ಯಾದ ನೊವೊಸಿಬಿರ್ಸ್ಕ್ ನಗರದ ವಿಜ್ಞಾನಿ ವಿಕ್ಟರ್ ಪ್ರಿಂಟ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು.

ಕಾರ್ಯವಿಧಾನ

ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್‌ನಲ್ಲಿರುವ ಎರಡು ಲೋಹಗಳ ಪಟ್ಟಿ ಕಾದಾಗ ಬಾಗುವುದನ್ನು ಉದ್ದಿಮೆದಾರರು ಬಲ್ಲರು. ಇಲ್ಲಿಯೂ ತತ್ತ್ವ ಅದೇ. ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಯ ಮೇಲೆ ಮೊದಲು ಅಲ್ಯುಮಿನಿಯಂ ಆರ್ಸೆನೈಡ್, ಅದರ ಮೇಲೆ ಇಂಡಿಯಂ ಬೆರೆತ ಪದರ, ಕೊನೆಗೆ ಗ್ಯಾಲಿಯಂ ಆರ್ಸೆನೈಡ್ ಪದರವನ್ನು ಬೆಳೆಸಲಾಗುತ್ತದೆ. ಇಂಡಿಯಂ ಆರ್ಸೆನೈಡ್‌ನ ಸ್ಫಟಿಕದಲ್ಲಿ ಪರಮಾಣುಗಳ ಅಂತರ ಗ್ಯಾಲಿಯಂ ಆರ್ಸೆನೈಡ್‌ಗಿಂತ ಸುಮಾರು ಶೇ. 7ರಷ್ಟು ಹೆಚ್ಚು. ಆದ್ದರಿಂದ ಇಂಡಿಯಂ ಬೆರೆತ ಪದರವು ಒತ್ತಡದಲ್ಲಿಯೇ ಇರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವು ತಳದ ಅಲ್ಯುಮಿನಿಯಂ ಆರ್ಸೆನೈಡನ್ನು ಕರಗಿಸಿದೊಡನೆ ಮೇಲಿನ ಜೋಡಿಪದರ ಬಿಡುಗಡೆ ಹೊಂದಿ ಮೇಲ್ಮುಖವಾಗಿ ಸುರುಳಿಯಾಗುತ್ತದೆ.

ಸುರುಳಿಯ ವ್ಯಾಸವನ್ನು ಪದರಗಳ ದಪ್ಪ ಹಾಗೂ ಸ್ಫಟಿಕಗಳ ವ್ಯತ್ಯಾಸವೇ ನಿರ್ಧರಿಸುತ್ತವೆ. ಸಮದಪ್ಪದ ಎರಡು ಪದರಗಳು ಒಟ್ಟು 10 ನ್ಯಾನೊಮೀಟರ್ ಇದ್ದು, ವ್ಯತ್ಯಾಸ ಶೇ. 1 ಇದ್ದರೆ ವ್ಯಾಸ ಸುಮಾರು 1.3 ಮೈಕ್ರಾನ್. ದಪ್ಪವನ್ನು ಅರ್ಧಕ್ಕಿಳಿಸಿದರೆ ವ್ಯಾಸವೂ ಅರ್ಧವಾಗುತ್ತದೆ. ಪಟ್ಟಿಯನ್ನು ಓರೆಯಾಗಿ ಕತ್ತರಿಸಿಟ್ಟರೆ ಸ್ಪ್ರಿಂಗ್ ದೊರೆಯುತ್ತದೆ. ಸಂವೇದಕ, ಸೂಕ್ಷ್ಮ ಸೂಜಿ, ಇಂಡಕ್ಟರ್ ಮುಂತಾದವುಗಳಿಗಾಗಿ ಇವನ್ನು ಪ್ರಯೋಗಿಸಲಾಗಿದೆ.

ಬಂಡವಾಳದ ಪ್ರಶ್ನೆ

ಒಂದು ಸುರುಳಿ ಸಿದ್ಧವಾದ ಮಾತ್ರಕ್ಕೆ ಸರಕು ಸಿದ್ಧವಾಗದು. ಸಾವಿರಾರು ಸುರುಳಿಗಳು ಒಂದೇ ಅಳತೆಯಲ್ಲಿ, ನಿಗದಿತ ಸ್ಥಾನದಲ್ಲಿ ನಿಲ್ಲಬೇಕು. ಪ್ರತಿಯೊಂದಕ್ಕೂ ವಿದ್ಯುತ್ ಸಂಪರ್ಕ ದೊರೆಯಬೇಕು. ಆಮ್ಲದಿಂದ ತೆಗೆದು ಒಣಗಿಸುವಾಗ ಅವು ಅಂಟಿಕೊಳ್ಳಬಾರದು. ಪದರ ಬೆಳೆಸುವ ಯಂತ್ರದ ಬೆಲೆಯೇ ಕೋಟ್ಯಂತರ ರೂಪಾಯಿ. ಹೀಗಿರುವಾಗ ಸಣ್ಣ ಉದ್ದಿಮೆದಾರರು ಸಾಲ ಮಾಡಿ ಇದಕ್ಕೆ ಕೈಹಾಕುವುದು ವಿವೇಕವಲ್ಲ.

ಆದರೆ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಸ್ವಚ್ಛಕೊಠಡಿಯನ್ನು ಶುಲ್ಕ ತೆತ್ತು ಉದ್ದಿಮೆಗಳೂ ಬಳಸಬಹುದು. ಸ್ವಂತ ಕಲ್ಪನೆಯಿದ್ದವರು ಮೊದಲು ಅಲ್ಲಿ ಮಾದರಿ ಮಾಡಿಸಿ ನೋಡುವುದು ಲೇಸು. ಉಳಿದವರು ಇಂತಹ ಪ್ರಯೋಗಾಲಯಗಳಿಗೆ ಬೇಕಾಗುವ ಬಿಲ್ಲೆ ಹಿಡಿಕೆ, ಆಮ್ಲಕ್ಕೆ ಜಗ್ಗದ ಟೆಫ್ಲಾನ್ ಪಾತ್ರೆ, ನಿರ್ವಾತ ಕೊಠಡಿಯ ಬಿಡಿಭಾಗಗಳತ್ತ ಗಮನ ಹರಿಸಬಹುದು. ಇವುಗಳನ್ನು ತಯಾರಿಸಲು ಬೇಕಾದದ್ದು ನಮ್ಮವರಿಗೆ ಪರಿಚಿತವಾದ ಯಂತ್ರಗಳು. ಹೊಸದಾಗಿ ರೂಢಿಸಿಕೊಳ್ಳಬೇಕಾದದ್ದು ಶುಚಿತ್ವ, ನಿಖರ ಅಳತೆ ಮತ್ತು ಬಳಸಿದ ವಸ್ತುವಿನ ದಾಖಲೆ. ನ್ಯಾನೊ ಯುಗದಲ್ಲಿ ಸಣ್ಣ ಕಾರ್ಯಾಗಾರದ ಮೊದಲ ಆರ್ಡರು ಬರುವುದು ಬಹುಶಃ ಈ ದಾರಿಯಿಂದಲೇ.