ತೊಟ್ಟು ಒಣಗುವ ತನಕ

ತುಮಕೂರಿನ ಮನೆಯ ಹಿತ್ತಲಾಗಲಿ, ಗುಬ್ಬಿಯ ತೆಂಗಿನ ತೋಟದ ಅಂಚಾಗಲಿ, ಕುಣಿಗಲ್ ಕಡೆಯ ತಿಪ್ಪೆಯ ಪಕ್ಕವಾಗಲಿ, ಸಿಹಿಗುಂಬಳದ ಬೀಜ ಬಿದ್ದರೆ ಬಳ್ಳಿ ಹಬ್ಬಿಯೇ ಹಬ್ಬುತ್ತದೆ. ಆದರೆ ತಿಂಗಳುಗಟ್ಟಲೆ ಕೆಡದೆ ಉಳಿಯುವ ಕಾಯಿ ಪಡೆಯಬೇಕಾದರೆ ಕಸುಬು ಗೊತ್ತಿರಬೇಕು.

ಮುಂಗಾರಿನ ಹದ ನೋಡಿ, ಜೂನ್–ಜುಲೈನಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಕೆಂಪು ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೂರು-ನಾಲ್ಕು ಬೀಜ ಊರಬೇಕು. ಮೊಳೆತ ಮೇಲೆ ಗಟ್ಟಿಮುಟ್ಟಾದ ಎರಡು ಸಸಿ ಉಳಿದರೆ ಸಾಕು. ಎಳೆ ಎಲೆಗೆ ಕೆಂಪು ದುಂಬಿಯ ಕಾಟ ಜಾಸ್ತಿ. ಅನುಭವಸ್ಥರು ಇಬ್ಬನಿ ಆರುವ ಮುಂಚೆಯೇ ಒಲೆಯ ಬೂದಿ ಎರಚುತ್ತಾರೆ. ಒದ್ದೆ ಎಲೆಗೆ ಬೂದಿ ಚೆನ್ನಾಗಿ ಅಂಟುತ್ತದೆ.

ತಳಿಗೂ ಬರವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಕಾಯಿ 2–3 ಕೆ.ಜಿ. ತೂಗುತ್ತದೆ; ‘ಅರ್ಕಾ ಸೂರ್ಯಮುಖಿ’ಯದು ಸುಮಾರು 1 ಕೆ.ಜಿ., ಚಿಕ್ಕ ಸಂಸಾರಕ್ಕೆ ಸರಿಯಾದ ಗಾತ್ರ. ಇದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿದೆ.

ಮೊದಲು ಬರುವುದೆಲ್ಲ ಗಂಡು ಹೂ. ಕಾಯಿ ಕಚ್ಚಲಿಲ್ಲವೆಂದು ಎದೆಗುಂದಬೇಕಿಲ್ಲ. ಬುಡದಲ್ಲಿ ಪುಟ್ಟ ಹೀಚು ಹೊತ್ತು ಬರುವುದೇ ಹೆಣ್ಣು ಹೂ. ನಸುಕಿನಲ್ಲಿ ಅರಳಿದ ಹೂ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಜೇನುನೊಣಕ್ಕೆ ಸಿಗುವುದು ಅಷ್ಟೇ ಹೊತ್ತು. ಜಡಿಮಳೆಗೆ ಜೇನು ಬಾರದ ದಿನ ಗಂಡು ಹೂವಿನ ದಳ ಸುಲಿದು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಬೇಕು. ಇಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಕಾಯಿ ದಪ್ಪವಾಗುತ್ತಿದ್ದಂತೆ ಅಡಿಗೆ ಒಣ ತೆಂಗಿನ ಗರಿ ಹಾಸಿದರೆ ತೇವಕ್ಕೆ ಕೊಳೆಯದು.

ಕೊಯ್ಲಿನಲ್ಲೇ ನಿಜವಾದ ಜಾಣ್ಮೆ. ಗಾತ್ರ ನೋಡಿ ಕೈ ಹಾಕುವವರು ಎಳಸು ಕಾಯಿ ಕೊಯ್ಯುತ್ತಾರೆ. ಬಲ್ಲವರು ನೋಡುವುದು ತೊಟ್ಟನ್ನು. ಅದರ ಹಸಿರು ಹೋಗಿ, ಒಣಗಿ ಮರದಂತಾಗಬೇಕು. ಸಿಪ್ಪೆಗೆ ಉಗುರು ಊರಿದರೆ ಇಳಿಯಬಾರದು. ಆಗ ಎರಡು ಇಂಚು ತೊಟ್ಟು ಉಳಿಸಿ ಚಾಕುವಿನಿಂದ ಕತ್ತರಿಸಬೇಕು. ತೊಟ್ಟು ಹಿಡಿದು ಕಾಯಿ ಎತ್ತಲೇಬಾರದು. ಅದು ಕಿತ್ತು ಬಂದರೆ ಆ ಗಾಯದಿಂದಲೇ ಕೊಳೆ ಒಳಗಿಳಿಯುತ್ತದೆ.

ಕೊಯ್ದದ್ದನ್ನು ಬೆಚ್ಚಗಿನ, ಗಾಳಿಯಾಡುವ ಜಾಗದಲ್ಲಿ ಹತ್ತು ದಿನ ಇಟ್ಟರೆ ಸಿಪ್ಪೆ ಗಡುಸಾಗಿ ಸಣ್ಣ ಗೀರುಗಳು ಮಾಯುತ್ತವೆ. ಬಳಿಕ ಅಟ್ಟದಲ್ಲಿ, ಒಂದಕ್ಕೊಂದು ತಾಗದಂತೆ ಒಣಹುಲ್ಲಿನ ಮೇಲೆ ಜೋಡಿಸಬೇಕು. ಒಳಗಿನ ಪಿಷ್ಟ ಸಕ್ಕರೆಯಾಗುತ್ತ ದಿನೇದಿನೇ ಸಿಹಿ ಏರುತ್ತದೆ. ತೊಟ್ಟು ಮುರಿದವು ಮೊದಲು ಹುಳಿಗೆ, ಪಲ್ಯಕ್ಕೆ ಹೋಗಲಿ. ಪೂರ್ತಿ ಬಲಿತವು ಸಂಕ್ರಾಂತಿ ದಾಟಿಯೂ ಅಡುಗೆಗೆ ಒದಗುತ್ತವೆ.