ಪಕ್ಕಕ್ಕೆ ಸರಿಯುವ ಅಯಾನು

ಮಾಜಾಳಿಯ ದಂಡೆಯಲ್ಲಿ ದೋಣಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ ನೀರ ಮೇಲೆ ತೇಲುತ್ತಿದೆಯೇ? ಹಾಗಾದರೆ ಅದು ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಎಥಿಲೀನ್ ಇದ್ದೀತು. ನೈಲಾನ್ ಆಗಿದ್ದರೆ ಮುಳುಗುತ್ತಿತ್ತು. ಎಥಿಲೀನ್, ಪ್ರೊಪಿಲೀನ್‌ನಂಥ ಓಲೆಫಿನ್ ಅನಿಲಗಳ ಅಣುಗಳನ್ನು ಸಾವಿರಗಟ್ಟಲೆ ಪೋಣಿಸಿದರೆ ಈ ಪ್ಲಾಸ್ಟಿಕ್. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೆ ವರ್ಷಕ್ಕೆ 4.4 ಲಕ್ಷ ಟನ್ ಪಾಲಿಪ್ರೊಪಿಲೀನ್ ತಯಾರಿಸುವ ಸಾಮರ್ಥ್ಯವಿದೆ.

ಪೋಣಿಸುವ ಕೆಲಸ ವೇಗವರ್ಧಕದ್ದು. ಅದನ್ನು ಕಂಡುಹಿಡಿದ ಕಾರ್ಲ್ ಝೀಗ್ಲರ್ ಮತ್ತು ಜೂಲಿಯೊ ನಾಟ್ಟಾ 1963ರಲ್ಲಿ ನೊಬೆಲ್ ಪಡೆದರು. ಹಗ್ಗದ ಪ್ಲಾಸ್ಟಿಕ್ಕು ಇಂದಿಗೂ ಹೆಚ್ಚಾಗಿ ಆ ಮಾದರಿಯ ಟೈಟಾನಿಯಂ ಪುಡಿಯಿಂದಲೇ ಬರುತ್ತದೆ. ಆದರೆ ಪುಡಿಯ ಮೇಲ್ಮೈಯಲ್ಲಿ ನಡೆಯುವುದನ್ನು ಬಿಡಿಸಿ ನೋಡುವುದು ಕಷ್ಟ. ಅದಕ್ಕೆ ಜಿರ್ಕೋನಿಯಂನಂಥ ಲೋಹವಿರುವ ವೇಗವರ್ಧಕಗಳಾದ ಮೆಟಲೋಸೀನ್‌ಗಳೇ ವಾಸಿ, ಅವು ದ್ರಾವಕದಲ್ಲಿ ಕರಗುತ್ತವೆ. ಇಲ್ಲಿ ಬೋರಾನ್ ಸಂಯುಕ್ತವೊಂದು ಜಿರ್ಕೋನಿಯಂನಿಂದ ಮೀಥೈಲ್ ಗುಂಪನ್ನು ಕಿತ್ತುಕೊಳ್ಳುತ್ತದೆ. ಜಿರ್ಕೋನಿಯಂ ಧನ ಅಯಾನಾಗುತ್ತದೆ, ಬೋರಾನ್ ಕಡೆಯದು ಋಣ ಅಯಾನು. ತೆರವಾದ ಜಾಗಕ್ಕೆ ಓಲೆಫಿನ್ ಬರಬೇಕು. ಆದರೆ ಕಿತ್ತುಕೊಂಡವನೇ ಬಾಗಿಲಿಗೆ ಅಡ್ಡ ಕೂತಿರುತ್ತಾನೆ!

ಈ ಅಯಾನು ಜೋಡಿ ಬೇರೆಯಾಗಬಾರದೇ? ಸಾಣಿಕಟ್ಟಾದ ಉಪ್ಪನ್ನು ನೀರಿಗೆ ಹಾಕಿದರೆ ಸೋಡಿಯಂ, ಕ್ಲೋರೈಡ್ ಅಯಾನುಗಳು ಸಲೀಸಾಗಿ ಬೇರೆಯಾಗುತ್ತವೆ, ಏಕೆಂದರೆ ನೀರು ಅವುಗಳ ಸೆಳೆತವನ್ನು ಸುಮಾರು 80ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಮೆಟಲೋಸೀನ್‌ಗೆ ನೀರು ತಾಗಿದರೆ ಕೆಲಸವೇ ನಿಲ್ಲುತ್ತದೆ, ಹಾಗಾಗಿ ಟಾಲುಯಿನ್‌ನಂಥ ದ್ರಾವಕ ಬೇಕು. ಟಾಲುಯಿನ್ ಸೆಳೆತವನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಸುತ್ತದೆ, ಅಷ್ಟೇ. ಜೋಡಿ ಬಿಡುವುದಿಲ್ಲ.

ಹಾಗಾದರೆ ಓಲೆಫಿನ್ ಒಳಬರುವುದು ಹೇಗೆ? ಆ ಗಳಿಗೆಯನ್ನು ಉಪಕರಣದಲ್ಲಿ ಹಿಡಿಯುವುದು ದುಸ್ತರ. ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದಲೇ ಅಣುವಿನ ಶಕ್ತಿಯನ್ನು ಲೆಕ್ಕಹಾಕುವ ವಿಧಾನ ಇಲ್ಲಿ ಕೈಹಿಡಿಯಿತು. ಅದಕ್ಕಾಗಿ ವಾಲ್ಟರ್ ಕೋನ್‌ಗೆ 1998ರ ನೊಬೆಲ್ ಬಂದಿತ್ತು. ಕೆನಡಾದ ಕ್ಯಾಲ್ಗರಿಯಲ್ಲಿ ಟಾಮ್ ಝೀಗ್ಲರ್ (ಕಾರ್ಲ್ ಅಲ್ಲ, ಇವರು ಬೇರೆ) ಮತ್ತು ಅವರ ವಿದ್ಯಾರ್ಥಿ ಕುಮಾರ್ ವಂಕ 2000ದ ಆಸುಪಾಸಿನಲ್ಲಿ ಈ ಜೋಡಿಗಳ ಲೆಕ್ಕಕ್ಕೆ ಕೈಹಾಕಿದರು. ವಂಕ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಸೇರಿದರು. ಜೋಡಿಯನ್ನು ಪೂರ್ತಿ ಬಿಡಿಸಲು ಬೇಕಾದ ಶಕ್ತಿ ವಿಪರೀತ ಎಂದು ಇಂಥ ಲೆಕ್ಕಗಳು ತೋರಿಸಿದವು. ಋಣ ಅಯಾನು ಹೊರಟು ಹೋಗುವುದಕ್ಕಿಂತ ಒಂದಿಷ್ಟು ಪಕ್ಕಕ್ಕೆ ಸರಿಯುವುದೇ ಅಗ್ಗ. ಆ ಸಂದಿಯಲ್ಲಿ ಓಲೆಫಿನ್ ನುಸುಳುತ್ತದೆ.

ಅದಕ್ಕೂ ಮೊದಲಿನ ಹಲವು ಲೆಕ್ಕಗಳು ಕಂಪ್ಯೂಟರ್ ಸಮಯ ಉಳಿಸಲು ಋಣ ಅಯಾನನ್ನೇ ಕೈಬಿಟ್ಟಿದ್ದವು. ಒಂಟಿ ಜಿರ್ಕೋನಿಯಂ ಬಳಿಗೆ ಓಲೆಫಿನ್ ತಡೆಯಿಲ್ಲದೆ ಬಂದು ಅಂಟುತ್ತಿತ್ತು. ಒಂದೇ ಜಿರ್ಕೋನಿಯಂ ಸಂಯುಕ್ತ ಬೇರೆ ಬೇರೆ ಬೋರಾನ್ ಸಂಯುಕ್ತಗಳ ಜೊತೆ ಬೇರೆ ವೇಗದಲ್ಲಿ ಕೆಲಸ ಮಾಡುವುದೇಕೆ ಎಂಬುದಕ್ಕೆ ಅಲ್ಲಿ ಉತ್ತರವೇ ಇರಲಿಲ್ಲ. ಋಣ ಅಯಾನನ್ನೂ ಲೆಕ್ಕಕ್ಕೆ ಸೇರಿಸಿದರೆ ಉತ್ತರ ಸಿಗುತ್ತದೆ: ಬೋರಾನ್ ಸುತ್ತ ನಾಲ್ಕು ಕಾರ್ಬನ್ ಉಂಗುರ, ಒಟ್ಟು 20 ಫ್ಲೋರಿನ್ ಇರುವ ಅಯಾನಿನಲ್ಲಿ ಋಣ ಆವೇಶ ಹರಡಿಹೋಗಿರುತ್ತದೆ. ಅದರ ಹಿಡಿತ ಸಡಿಲ, ಸರಿಯುವುದು ಸುಲಭ, ಪೋಣಿಕೆಯೂ ಚುರುಕು.